ಹಲಗೆ ಚರ್ಚಿನ ಹಿಂದಿನ ಮನೆ

ಹಳೆಯ ರೆಡ್‌ವುಡ್ ಹಲಗೆಗೆ ಮಧ್ಯಾಹ್ನದ ಬಿಸಿಲು ಬಿದ್ದು ಮರ ಒಳಗಿನಿಂದ ಕಾಯತೊಡಗಿದಾಗ ಒಂದು ವಾಸನೆ ಬರುತ್ತದೆ. ಆಗಷ್ಟೇ ಹೆರೆದ ಪೆನ್ಸಿಲಿನ ವಾಸನೆ ಅನ್ನಿ. ಅದಕ್ಕೆ ಸ್ವಲ್ಪ ಮೇಣ, ಸ್ವಲ್ಪ ಇಲಿ, ಮುಗ್ಗಿದ ಹಾಡಿನ ಪುಸ್ತಕದ ಹಾಳೆ ಸೇರಿಸಿಕೊಳ್ಳಿ. ಕಳೆದ ತಿಂಗಳು ಗೆಳತಿಯೊಬ್ಬಳ ಮಗನ ಮೊದಲ ಹುಟ್ಟುಹಬ್ಬಕ್ಕೆ ಹೋದಾಗ ಆ ವಾಸನೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಬಿಟ್ಟಿತು. ಪ್ಲೆಸೆಂಟನ್‌ನ ಆಫೀಸು ಕಟ್ಟಡಗಳು ಮುಗಿದು, ಫ್ರೀವೇ ಬಿಟ್ಟು ಗುಡ್ಡಗಳ ನಡುವೆ ತಿರುಗಿದಾಗಲೇ, ಇದು ನಾವಿದ್ದ ಚರ್ಚೇ ಇರಬೇಕೆಂದು ನನಗೆ ಅನುಮಾನ ಬಂದಿತ್ತು. ಆಹ್ವಾನದಲ್ಲಿ ಇದ್ದದ್ದು ಹೊಸ ಹೆಸರು. ಒಳಗೆ ಕಂಬಗಳಿಗೆ ನೀಲಿ ಬಲೂನು ಕಟ್ಟಿದ್ದರು. ಪವಿತ್ರ ಪೀಠವಿದ್ದ ಕಡೆ ಉದ್ದದ ಮೇಜು ಹಾಕಿ ಮಿನಿ ಇಡ್ಲಿ, ಪನೀರ್ ಟಿಕ್ಕಾ ಜೋಡಿಸಿದ್ದರು. ಪಾದ್ರಿ ನಿಂತು ಉಪದೇಶ ಮಾಡುತ್ತಿದ್ದ ಜಾಗದಲ್ಲಿ ಒಬ್ಬ ತನ್ನ ಲ್ಯಾಪ್‌ಟಾಪಿನಿಂದ ಸಿನಿಮಾ ಹಾಡು ಹಾಕುತ್ತಿದ್ದ. 'ತುಂಬಾ ಕ್ಯೂಟ್ ಆಗಿದೆ ಅಲ್ವಾ ಪ್ಲೇಸು? ಫೋಟೋಸ್ ಸೂಪರಾಗಿ ಬರತ್ವೆ' ಎಂದಳು ಗೆಳತಿ. ಹೌದು ಎಂದೆ. ಅವಳದೇನೂ ತಪ್ಪಿಲ್ಲ. ಆ ಜಾಗವನ್ನು ಆ ಗತಿಗೆ ತಂದವರು ಬೇರೆ, ಅವರ ಬಗ್ಗೆ ನನಗಿರುವ ತಿರಸ್ಕಾರ ಇಷ್ಟು ವರ್ಷವಾದರೂ ಇಳಿದಿಲ್ಲ. ಬಾಲ್ಯದ ನೆನಪೆಂದರೆ ಮನಸ್ಸು ಮೆದುವಾಗಬೇಕು ಎನ್ನುತ್ತಾರೆ. ನಿಮ್ಮದೂ ಒಂದು ಮನೆ ಇನ್ನೊಬ್ಬರ ಕೈಯಲ್ಲಿ ಹೀಗೆ ಹೋಗಿದ್ದರೆ, ನನ್ನ ಮನಸ್ಸು ಯಾಕೆ ಮೆದುವಾಗಿಲ್ಲ ಎಂದು ನೀವು ಕೇಳುವುದಿಲ್ಲ.

ಆ ಚರ್ಚಿನ ಚರಿತ್ರೆಯೇ ಒಂದು ಹುಸಿಯಿಂದ ಶುರುವಾಗಿತ್ತು. ಆ ಕಣಿವೆಯಲ್ಲಿ ಹುಲ್ಲು ಮತ್ತು ಏಪ್ರಿಕಾಟ್ ಬೆಳೆದು ದುಡ್ಡು ಮಾಡಿದ ಇಂಗ್ಲೆಂಡಿನವನೊಬ್ಬನಿಗೆ ವಯಸ್ಸಾದ ಮೇಲೆ ತನ್ನ ಊರಿನ ಆಂಗ್ಲಿಕನ್ ಚರ್ಚು ಕನಸಿಗೆ ಬರತೊಡಗಿತಂತೆ. ಅಂಥದ್ದೇ ಬೇಕೆಂದ. ಅವನ ಊರಿನದು ಕಲ್ಲಿನದು, ಇಲ್ಲಿ ಕಲ್ಲು ಕೆತ್ತುವವರಿರಲಿಲ್ಲ. ಇದ್ದದ್ದು ರೆಡ್‌ವುಡ್ ಮರ, ಮತ್ತು ದನದ ಕೊಟ್ಟಿಗೆ ಕಟ್ಟಿ ಅಭ್ಯಾಸವಿದ್ದ ಬಡಗಿಗಳು. ಅವರ ಕೈಗೆ ಒಂದು ನಕ್ಷೆಯ ಪುಸ್ತಕ ಕೊಟ್ಟು ಗೋಥಿಕ್ ಕಟ್ಟಿ ಎಂದ. ಅವರು ಕಟ್ಟಿದರು. ಉದ್ದುದ್ದ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ, ಎರಡು ಹಲಗೆ ಸೇರುವಲ್ಲಿ ಪಟ್ಟಿ ಬಡಿದು ಗೋಡೆ ಮಾಡಿದರು. ಈಟಿಯ ಮೊನೆಯಂಥ ಕಿಟಕಿ, ಹಿಮವೇ ಬೀಳದ ಊರಿನಲ್ಲಿ ಹಿಮ ಜಾರಲೆಂದು ಕಡಿದಾದ ಮಾಡು, ಮೇಲೆ ಪುಟ್ಟ ಗಂಟೆಗೋಪುರ. ಆಮೇಲೆ ಆ ಯಜಮಾನ ಹೊರಗಿನ ಬಣ್ಣಕ್ಕೆ ಮರಳು ಬೆರೆಸಿ ಬಳಿಸಿದ, ದೂರದಿಂದ ನೋಡಿದವರಿಗೆ ಕಲ್ಲಿನ ಹಾಗೆ ಕಾಣಲಿ ಎಂದು. ಒಳಗೆ ಮಾತ್ರ ಸುಳ್ಳಿಗೆ ಜಾಗವಿರಲಿಲ್ಲ. ತಲೆ ಎತ್ತಿದರೆ ಬೋರಲು ಹಾಕಿದ ದೋಣಿಯ ಹೊಟ್ಟೆಯಂಥ ಮಾಡು. ಜಂತಿಗಳು ಕತ್ತರಿಯ ಹಾಗೆ ಒಂದನ್ನೊಂದು ದಾಟಿ, ಒಂದು ಕಬ್ಬಿಣದ ಸರಳಿನ ನೆರವೂ ಇಲ್ಲದೆ ಅಷ್ಟು ಭಾರ ಹೊತ್ತಿದ್ದವು. ಗೋಡೆಯ ತುಂಬ ಹಿತ್ತಾಳೆ ಫಲಕಗಳು. ಕಿಟಕಿ ಕೊಟ್ಟವರು, ಗಂಟೆ ಕೊಟ್ಟವರು, ಗಂಟೆಯ ಹಗ್ಗ ಕೊಟ್ಟವರು. ಕಟ್ಟಿದವರ ಹೆಸರು ಎಲ್ಲೂ ಇರಲಿಲ್ಲ. ಅಬ್ಬಾ ಮೊದಲ ದಿನ ಒಳಗೆ ಬಂದವರು ಫಲಕಗಳನ್ನು ನೋಡಲೇ ಇಲ್ಲವಂತೆ. ನೆಲದ ಮೇಲೆ ಅಂಗಾತ ಮಲಗಿ ಜಂತಿಗಳನ್ನೇ ಬಹಳ ಹೊತ್ತು ನೋಡಿದರಂತೆ.

ಅಬ್ಬಾ ಮೈಸೂರಿನವರು, ಬೀಟೆ ಮರದ ಕುಸುರಿ ಕೆಲಸದ ಮನೆತನ. ದೂರದ ಚಿಕ್ಕಪ್ಪನೊಬ್ಬರು ಓಕ್ಲ್ಯಾಂಡಿನಲ್ಲಿ ಅಡುಗೆಮನೆಯ ಕಪಾಟು ಮಾಡುವ ಅಂಗಡಿ ಇಟ್ಟಿದ್ದರು. ಅವರ ಜೊತೆ ಕೆಲಸಕ್ಕೆಂದು ಬಂದವರು. ಅವ್ವ ಗದಗಿನ ಕಡೆಯವಳು. ಅಬ್ಬಾನ ಮನೆಮಾತು ಉರ್ದು, ಅವ್ವನದು ಕನ್ನಡ. ಮದುವೆಯಾದ ಮೇಲೆ ಮನೆಯಲ್ಲಿ ಗೆದ್ದದ್ದು ಅವ್ವನ ಮಾತು. 'ಅಬ್ಬಾ' ಎನ್ನುವ ಒಂದು ಪದವನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಒಂದು ದಿನ ಚಿಕ್ಕಪ್ಪನ ಅಂಗಡಿಗೆ ಮಿಸೆಸ್ ಆಲ್ಡನ್ ಎನ್ನುವ ಮುದುಕಿ ಮುರಿದ ಬೆಂಚಿನ ತೋಳೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಆ ಚರ್ಚಿನ ಆರ್ಗನ್ ನುಡಿಸುತ್ತಿದ್ದವರು ಅವರೇ, ಬೀಗದ ಕೈ ಇಟ್ಟುಕೊಂಡವರೂ ಅವರೇ. ಅಬ್ಬಾ ಆ ತೋಳನ್ನು ಎಲ್ಲಿ ಜೋಡಿಸಿದ್ದೆಂದು ಗೊತ್ತಾಗದ ಹಾಗೆ ಜೋಡಿಸಿಕೊಟ್ಟರು. ಎರಡು ತಿಂಗಳಿಗೆ ನಾವು ಚರ್ಚಿನ ಹಿಂದಿನ ಎರಡು ಕೋಣೆಯ ಮನೆಗೆ ಬಂದೆವು. ಬಾಡಿಗೆ ಇಲ್ಲ, ಬದಲಿಗೆ ಅಬ್ಬಾ ಕಟ್ಟಡ ನೋಡಿಕೊಳ್ಳಬೇಕು. ಆಗ ನನಗೆ ನಾಲ್ಕು ವರ್ಷ.

ಎಂಟು ವರ್ಷ ಆ ಮನೆಯಲ್ಲಿದ್ದೆವು. ಅಡುಗೆಮನೆಯ ಕಿಟಕಿಯಾಚೆ ಒಂದು ವಾಲ್‌ನಟ್ ಮರ, ಅದರಾಚೆ ವರ್ಷದಲ್ಲಿ ಎಂಟು ತಿಂಗಳು ಒಣಗಿ ಹೊಂಬಣ್ಣವಾಗಿರುವ ಗುಡ್ಡ. ಫ್ರೀಮಾಂಟಿನ ಇಂಡಿಯನ್ ಅಂಗಡಿಯಿಂದ ತಂದ ಜೋಳದ ಹಿಟ್ಟಿನಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿಗೆ ಎದ್ದು, ರೊಟ್ಟಿಯ ಮೇಲೆ ನೀರು ಸವರಿದಾಗ ಏಳುವ ಸುಟ್ಟ ಹಬೆಯ ವಾಸನೆಗೆ ನಾನು ಹಾಸಿಗೆ ಬಿಡುತ್ತಿದ್ದೆ. ಭಾನುವಾರ ಉಳಿದ ಪ್ರಾರ್ಥನಾ ಹಾಳೆಗಳ ಹಿಂಬದಿಯಲ್ಲೇ ಅವ್ವ ನನಗೆ ಅಕ್ಷರ ಕಲಿಸಿದ್ದು. ಒಂದು ಬದಿಗೆ ಇಂಗ್ಲಿಷಿನಲ್ಲಿ ಪಾಪನಿವೇದನೆ, ಇನ್ನೊಂದು ಬದಿಗೆ ಅ ಆ ಇ ಈ. ಚರ್ಚಿಗೆ ಬರುತ್ತಿದ್ದವರು ಇಪ್ಪತ್ತು ಮಂದಿಯಿದ್ದರೆ ಹೆಚ್ಚು. ಅವರಲ್ಲಿ ಅರ್ಧ ಜನಕ್ಕೆ ದೇವರಿಗಿಂತ ಕಾಫಿಯ ಆಸೆಯೇ ಹೆಚ್ಚಿತ್ತು. ಆದರೂ ಒಂದು ಭಾನುವಾರ ಅವರಿಂದ ಚೀಟಿ ಬಂತು: ಪ್ರಾರ್ಥನೆಯ ವೇಳೆ ನಿಮ್ಮ ಮನೆಯಿಂದ ಬರುವ ಬಡಿಯುವ ಸದ್ದು ಭಕ್ತರ ಏಕಾಗ್ರತೆಗೆ ಅಡ್ಡಿಯಾಗುತ್ತಿದೆ. ಮಿಸೆಸ್ ಆಲ್ಡನ್ ಅದನ್ನು ಓದಿ, ನಮ್ಮ ಅಡುಗೆಮನೆಯ ಕುರ್ಚಿಯಲ್ಲೇ ಕೂತು ಬಿಸಿ ರೊಟ್ಟಿಗೆ ಬೆಣ್ಣೆ ಸವರಿಕೊಳ್ಳುತ್ತ, ತಮ್ಮ ಪ್ರಕಾರ ಆ ಗುಂಪಿನಲ್ಲಿ ತಾಳ ತಪ್ಪದೆ ಇರುವವಳು ಅವ್ವ ಒಬ್ಬಳೇ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅವ್ವ ಬಹಳ ಗಂಭೀರವಾಗಿ ಇನ್ನೊಂದು ರೊಟ್ಟಿ ಹಾಕಿದಳು.

ಚೀಟಿ ಕಳಿಸಿದವನು ಮಿಸ್ಟರ್ ಪ್ರೆಂಟಿಸ್. ಮನೆ ಜಮೀನು ಮಾರಿಸುವ ವ್ಯವಹಾರದಿಂದ ನಿವೃತ್ತನಾದ ಮೇಲೆ ಅವನಿಗೆ ಹಳೆಯದರ ಮೇಲೆ ಪ್ರೀತಿ ಹುಟ್ಟಿತ್ತು. ಅವನು ಚರ್ಚಿನ ಕಟ್ಟಡ ಸಮಿತಿಯ ಅಧ್ಯಕ್ಷ. ಲಿನನ್ ಕೋಟು ಹಾಕಿಕೊಂಡು, ಭೇಟಿಗೆ ಬಂದವರನ್ನು ಸುತ್ತ ಕರೆದೊಯ್ದು ಕಿಟಕಿಯ ಕಮಾನಿನ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲ. ಅದೇ ಕಿಟಕಿಯ ಚೌಕಟ್ಟು ಮಳೆನೀರು ಕುಡಿಯುತ್ತಿದೆ ಎಂದು ಅಬ್ಬಾ ತೋರಿಸಿದರೆ, ತೋರಿಸುವ ಬೆರಳಿನಾಚೆ ಎಲ್ಲೋ ನೋಡುತ್ತಾನೆ. ಅಬ್ಬಾನ ಹೆಸರು ಇಬ್ರಾಹಿಂ. ಅಷ್ಟುದ್ದದ ಹೆಸರು ನಾಲಿಗೆಗೆ ಬರುವುದಿಲ್ಲವೆಂದು 'ಏಬ್' ಎಂದು ಕರೆಯುತ್ತಿದ್ದ. ಜಂತಿ, ಕಮಾನು, ಪೀಠದ ಹಿಂದಿನ ಕೆತ್ತನೆಗೆಲ್ಲ ಅವನ ನಾಲಿಗೆಯಲ್ಲಿ ಲ್ಯಾಟಿನ್ ಮೂಲದ ಉದ್ದುದ್ದ ಹೆಸರುಗಳಿದ್ದವು.

ನನಗೆ ಹನ್ನೊಂದು ತುಂಬಿದ ವರ್ಷ ಚರ್ಚಿನ ಬಾಗಿಲು ನೆಲಕ್ಕೆ ಉಜ್ಜತೊಡಗಿತು. ಬಾಗಿಲನ್ನು ಕೆಳಗೆ ಹೆರೆದುಬಿಟ್ಟರೆ ಸಾಕು ಎಂದಿತು ಸಮಿತಿ. ಅಬ್ಬಾ ಹೆರೆಯಲಿಲ್ಲ. ಬಾಗಿಲು ಇದ್ದಲ್ಲೇ ಇದೆ, ಕಟ್ಟಡವೇ ಕೂರುತ್ತಿದೆ ಎಂದರು. ಟಾರ್ಚು ಹಿಡಿದು, ನೆಲಹಲಗೆಯ ಕೆಳಗಿನ ಎರಡಡಿ ಸಂದಿಯಲ್ಲಿ ತೆವಳಿಕೊಂಡು ಹೋದರು. ಗೋಡೆಗಳೆಲ್ಲ ಕೂತಿದ್ದ ಅಡಿತೊಲೆಗೆ ಸ್ಕ್ರೂಡ್ರೈವರು ಚುಚ್ಚಿದರೆ ಹಿಡಿಯವರೆಗೂ ಒಳಗೆ ಹೋಯಿತಂತೆ. ಗೆದ್ದಲು ಮತ್ತು ತೇವ ಸೇರಿ ತೊಲೆಯ ಹೊರಗಿನ ಸಿಪ್ಪೆ ಮಾತ್ರ ಬಿಟ್ಟಿದ್ದವು. ಅಬ್ಬಾ ಅದರ ಒಂದು ಹಿಡಿ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಸಮಿತಿಯ ಮೇಜಿನ ಮೇಲಿಟ್ಟರು. ಮೇಜು ಹಾಳಾಗುತ್ತದೆಂದು ಯಾರೋ ಅದನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದರು. ಆ ವರ್ಷ ಗಂಟೆಗೋಪುರಕ್ಕೆ ಬಣ್ಣ ಬಳಿಸುವುದೆಂದು, ಬಣ್ಣಕ್ಕೆ ಕೊಟ್ಟವರ ಹೆಸರಿನಲ್ಲಿ ಫಲಕ ಹಾಕಿಸುವುದೆಂದು ಆಗಲೇ ತೀರ್ಮಾನವಾಗಿತ್ತು. ತೊಲೆಯ ಮಾತು ಮುಂದಿನ ವರ್ಷ ನೋಡೋಣ ಎಂದರು. ಗೋಪುರ ರಸ್ತೆಗೆ ಕಾಣುತ್ತದೆ, ತೊಲೆ ಕಾಣುವುದಿಲ್ಲ. ಆ ಸಮಿತಿಯ ಅಷ್ಟೂ ಬುದ್ಧಿ ಅಷ್ಟೇ ಇತ್ತು.

ಮಿಸೆಸ್ ಆಲ್ಡನ್‌ಗೆ ಆಗ ಎಪ್ಪತ್ನಾಲ್ಕು. ಮರುದಿನ ಅಬ್ಬಾನ ಹಳೆಯ ಕೋಟು ಹಾಕಿಕೊಂಡು ತಾವೇ ಆ ಸಂದಿಯೊಳಗೆ ತೆವಳಿ ನೋಡಿ ಬಂದರು. ಕೂದಲಲ್ಲಿ ಜೇಡರ ಬಲೆ ಹಾಗೇ ಇರುವಾಗ, ಎಷ್ಟು ದಿನ ಬೇಕು ಎಂದಷ್ಟೇ ಕೇಳಿದರು. ರಸ್ತೆಯಾಚೆಯ ರೈತನೊಬ್ಬ ಹಳೆಯ ಕೊಟ್ಟಿಗೆ ಕೆಡವುತ್ತಿದ್ದ. ಅದರ ರೆಡ್‌ವುಡ್ ತೊಲೆಗಳನ್ನು ಮಿಸೆಸ್ ಆಲ್ಡನ್ ಹೋಗಿ ಕೇಳಿಕೊಂಡು ಬಂದರು. ಆ ಬೇಸಿಗೆ ಪಾದ್ರಿ ರಜೆಯಲ್ಲಿದ್ದರು, ಪ್ರೆಂಟಿಸ್ ಇಟಲಿಯ ಚರ್ಚುಗಳನ್ನು ನೋಡಲು ಹೋಗಿದ್ದ. ವಾರದ ಆರು ದಿನ ಅಬ್ಬಾ ಚರ್ಚಿನ ಕೆಳಗಿದ್ದರು. ಮೊಳದಷ್ಟು ಜಾಗಕ್ಕೆ ಎರಡು ಜಾಕು ಕೊಟ್ಟು ಗೋಡೆಯನ್ನು ಕೂದಲೆಳೆಯಷ್ಟು ಎತ್ತುವುದು, ಕೊಳೆತದ್ದನ್ನು ಕೊಯ್ದು ತೆಗೆಯುವುದು, ಹೊಸದನ್ನು ಕಚ್ಚು ಹಾಕಿ ಕೂರಿಸುವುದು, ಮತ್ತೆ ಮುಂದಿನ ಮೊಳಕ್ಕೆ ಹೋಗುವುದು. ಎರಡು ಜಾಕೂ ಒಟ್ಟಿಗೆ ಏರಬೇಕು. ಒಂದನ್ನು ಅವ್ವ ತಿರುಗಿಸುತ್ತಿದ್ದಳು, ಇನ್ನೊಂದನ್ನು ಮಿಸೆಸ್ ಆಲ್ಡನ್. ಅವ್ವ ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿ, ಆ ಮುದುಕಿ ಗುಲಾಬಿ ಗಿಡ ಕತ್ತರಿಸುವ ಗ್ಲೌಸು ಹಾಕಿ, ಒಬ್ಬರ ಭಾಷೆ ಒಬ್ಬರಿಗೆ ಬಾರದೆ, ಅಬ್ಬಾ ಒಳಗಿನಿಂದ 'ಒಂದು ಸುತ್ತು' ಎಂದರೆ ಇಬ್ಬರೂ ಒಂದೇ ಸುತ್ತು ತಿರುಗಿಸುತ್ತಿದ್ದರು. ಗೋಡೆ ಮೇಲೇಳುವಾಗ ಇಡೀ ಚರ್ಚು ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಮುದುಕನ ಹಾಗೆ ನರಳುತ್ತಿತ್ತು. ನಾನು ವಾಲ್‌ನಟ್ ಮರದ ಕೆಳಗೆ ಕೂತು ಲೈಬ್ರರಿಯ ಪುಸ್ತಕ ಓದುತ್ತಿದ್ದೆ. ಶಾಲೆಯ ಗೆಳತಿಯರು ಯಾರಾದರೂ ಈ ದಾರಿಯಲ್ಲಿ ಬಂದು, ಮಣ್ಣು ಮೆತ್ತಿಕೊಂಡ ನನ್ನ ತಾಯಿಯನ್ನು ನೋಡಿಬಿಟ್ಟರೆ ಎಂಬ ಹೆದರಿಕೆ ನನಗೆ. ಆ ಸಮಿತಿಯವರಿಗಿಂತ ನಾನೇನು ಮೇಲು ಎಂದು ಈಗ ಕೇಳಿಕೊಳ್ಳುತ್ತೇನೆ. ಬೇಸಿಗೆ ಮುಗಿಯುವಷ್ಟರಲ್ಲಿ ಬಾಗಿಲು ಒಂದು ಬೆರಳಿನಲ್ಲಿ ತಳ್ಳಿದರೆ ತೆರೆಯುತ್ತಿತ್ತು.

ಪ್ರೆಂಟಿಸ್ ಬಂದ ವಾರವೇ ಸಭೆ ಕರೆದ. ಚರ್ಚಿನ ಪಕ್ಕದ ಕೋಣೆಯಲ್ಲಿ, ಎಂಟು ಜನ ಮೇಜಿನ ಆ ಕಡೆ, ಅಬ್ಬಾ ಈ ಕಡೆ. ಅಬ್ಬಾಗೆ ಇಂಗ್ಲಿಷು ಅಂಗಡಿಯ ಮಟ್ಟಿಗೆ ಬರುತ್ತಿತ್ತು, ಸಭೆಯ ಮಟ್ಟಿಗೆ ಬರುತ್ತಿರಲಿಲ್ಲ. ಅದಕ್ಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಅವರು ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅವ್ವ ಉಗುರಿನ ಸಂದಿಯ ಮಣ್ಣನ್ನು ನಿಂಬೆಹಣ್ಣಿನಲ್ಲಿ ಉಜ್ಜಿ ತೆಗೆದಿದ್ದಳು. ಚಾರಿತ್ರಿಕ ಕಟ್ಟಡದ ಮೂಲ ವಸ್ತುವನ್ನು ಅನುಮತಿಯಿಲ್ಲದೆ ಕಿತ್ತುಹಾಕಿದ್ದೀಯಲ್ಲ ಎಂದು ಪ್ರೆಂಟಿಸ್ ಶುರುಮಾಡಿದ. ಗೋಡೆಯ ಬಳಿ ಕೂತಿದ್ದ ಮಿಸೆಸ್ ಆಲ್ಡನ್ ಎದ್ದು ನಿಂತು, ಹೇಳಿದವಳು ನಾನು, ಮಾಡಿದವರಲ್ಲಿ ನಾನೂ ಒಬ್ಬಳು, ಈ ಮನುಷ್ಯನಿಂದ ಒಂದು ತಪ್ಪೂ ಆಗಿಲ್ಲ ಎಂದರು. ಸಮಿತಿಯವರೆಲ್ಲ ಅವರಿಗೆ ಹಸುಗೂಸಿಗೆ ತೋರುವಂಥ ನಗು ತೋರಿಸಿದರು. ಆಮೇಲೆ ಎಂಟು ಮುಖವೂ ಅಬ್ಬಾನ ಕಡೆ ತಿರುಗಿದವು. ಅಬ್ಬಾ ನನ್ನನ್ನು ನೋಡದೆ, ಪ್ರೆಂಟಿಸ್‌ನನ್ನೇ ನೋಡುತ್ತ, ನಿಧಾನವಾಗಿ ಕನ್ನಡದಲ್ಲಿ ಹೇಳಿದರು:

'ಹೇಳು ಇವರಿಗೆ. ಇಷ್ಟು ವರ್ಷ ಮೇಲೆ ಕೂತು ಪ್ರಾರ್ಥನೆ ಮಾಡಿದ್ರಿ. ಕೆಳಗೆ ಬಗ್ಗಿ ನೋಡಿದೋರು ಒಬ್ಬರೂ ಇಲ್ಲ. ನಾನು ನೋಡ್ದೆ, ಸರಿ ಮಾಡ್ದೆ. ಅದಕ್ಕೆ ಇವರ ಹತ್ರ ಕೇಳ್ಬೇಕಿತ್ತಾ?'

ಇಂಗ್ಲಿಷಿನಲ್ಲಿ ಅದನ್ನು ಹೇಳಲು ನನಗೆ ಬರುತ್ತಿತ್ತು. ಶಾಲೆಯಲ್ಲಿ ನಾನು ಭಾಷಣದಲ್ಲಿ ಬಹುಮಾನ ತೆಗೆದುಕೊಂಡವಳು. ಆದರೆ ಆ ಎಂಟು ಮುಖ, ಆ ಲಿನನ್ ಕೋಟು, ಕಾಫಿಯ ವಾಸನೆ. ನನಗೆ ಅಲ್ಲಿಂದ ಹೊರಟರೆ ಸಾಕಿತ್ತು.

'ಅಬ್ಬಾ ಸಾರಿ ಕೇಳ್ತಿದ್ದಾರೆ' ಎಂದೆ, ಇಂಗ್ಲಿಷಿನಲ್ಲಿ.

ಕೋಣೆ ಹಗುರಾಯಿತು. ಒಪ್ಪಿಕೊಂಡನಲ್ಲ, ಒಳ್ಳೆಯದಾಯಿತು ಎಂದ ಪ್ರೆಂಟಿಸ್. ಮಿಸೆಸ್ ಆಲ್ಡನ್ ಕೂತುಬಿಟ್ಟರು. 'ಸಾರಿ' ಎನ್ನುವ ಮಾತು ಅರ್ಥವಾಗದಿರಲು ಅಬ್ಬಾ ಏನು ನಿನ್ನೆ ಮೊನ್ನೆ ಬಂದವರೇ? ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಪರಿಚಯವಿಲ್ಲದ ಮರದ ತುಂಡನ್ನು ಕೈಯಲ್ಲಿ ಹಿಡಿದು ಇದು ಯಾವುದಿರಬಹುದು ಎಂದು ನೋಡುವಾಗಿನ ನೋಟ ಅದು. ಸಮಿತಿ ಕ್ಷಮಿಸಿತು, ಆದರೆ ಮನೆ ಬಿಡಬೇಕೆಂದಿತು. ಮನೆಗೆ ಬಂದು ಅಬ್ಬಾ ಅವ್ವನಿಗೆ, ಅವರು ಒಪ್ಪಲಿಲ್ಲ ಎಂದಷ್ಟೇ ಹೇಳಿದರು. ನನ್ನ ಹೆಸರು ಎತ್ತಲಿಲ್ಲ, ಆವತ್ತೂ, ಆಮೇಲೂ. ಅವ್ವ ಮಾತ್ರ ಒಲೆಯ ಮುಂದೆ ನಿಂತು, 'ಹೋಗೂಣಂತ ತಗೋರಿ. ಕೆಳಗಿಂದು ಗಟ್ಟಿ ಆತಲ್ಲ' ಎಂದಳು.

ಫ್ರೀಮಾಂಟಿನ ಅಪಾರ್ಟ್‌ಮೆಂಟಿಗೆ ಹೋದೆವು. ಅಬ್ಬಾ ಮತ್ತೆ ಅಡುಗೆಮನೆಯ ಕಪಾಟು ಮಾಡತೊಡಗಿದರು, ಹೊಸ ಬಡಾವಣೆಯ ಮನೆಗಳಿಗೆ, ಮರದ ಪುಡಿ ಅಂಟಿಸಿ ಮರವೆಂದು ಮಾರುವ ಹಲಗೆಯಲ್ಲಿ. ನನ್ನನ್ನು ಇನ್ನೆಂದೂ ಯಾವ ಆಫೀಸಿಗೂ, ಡಾಕ್ಟರ ಬಳಿಗೂ ಮಾತಾಡಲು ಕರೆದೊಯ್ಯಲಿಲ್ಲ. ಕೆಲಸ ಮುಗಿಸಿ ದೊಡ್ಡವರ ಶಾಲೆಗೆ ಹೋಗಿ ಇಂಗ್ಲಿಷು ಕಲಿತರು. ಊಟದ ಮೇಜಿನ ಮೇಲೆ ನನ್ನ ಹೋಮ್‌ವರ್ಕಿನ ಪಕ್ಕದಲ್ಲೇ ಅವರ ಹೋಮ್‌ವರ್ಕು. ಒಂದು ಪದಕ್ಕೂ ನನ್ನನ್ನು ಕೇಳುತ್ತಿರಲಿಲ್ಲ, ಡಿಕ್ಷನರಿ ತೆಗೆದು ನೋಡುತ್ತಿದ್ದರು. ಮಿಸೆಸ್ ಆಲ್ಡನ್ ತಿಂಗಳಿಗೊಮ್ಮೆ ತಮ್ಮ ಹಳೆಯ ಕಾರು ಓಡಿಸಿಕೊಂಡು ಬಂದು ರೊಟ್ಟಿ ತಿಂದು ಹೋಗುತ್ತಿದ್ದರು.

ಅವರು ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ಅಂತ್ಯಕ್ರಿಯೆಯ ಪ್ರಾರ್ಥನೆ ಅದೇ ಚರ್ಚಿನಲ್ಲಿ. ಅಷ್ಟು ವರ್ಷ ಅವರ ಆರ್ಗನ್ನಿಗೆ ಕಿವಿ ಕೊಡದವರೆಲ್ಲ ಕಪ್ಪು ಬಟ್ಟೆ ಹಾಕಿಕೊಂಡು ಬಂದಿದ್ದರು. ಪ್ರೆಂಟಿಸ್ ಹತ್ತು ನಿಮಿಷ ಮಾತಾಡಿದ. ಅದರಲ್ಲಿ ಎಂಟು ನಿಮಿಷ ಕಟ್ಟಡಕ್ಕಾಗಿ ತಾನು ಪಟ್ಟ ಶ್ರಮದ್ದು. ಮಾತಾಡುವವರು ಇನ್ನೂ ಇದ್ದಾರೆಯೇ ಎಂದು ಪಾದ್ರಿ ಕೇಳಿದಾಗ ನನ್ನ ಪಕ್ಕದಿಂದ ಅಬ್ಬಾ ಎದ್ದರು. ಮುಂದೆ ಹೋಗಿ, ಶವಪೆಟ್ಟಿಗೆಯ ಮೇಲೆ ಒಂದು ಕೈಯಿಟ್ಟು, ತಮ್ಮದೇ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಜೋಡಿಸಿ ಹೇಳಿದರು. ನನ್ನ ಹೆಸರು ಇಬ್ರಾಹಿಂ. ನಾನು ಬಡಗಿ. ನೀವೆಲ್ಲ ಮೇಲೆ ಕೂತಿದ್ದಿರಿ. ಈ ಹೆಂಗಸು ಕೆಳಗೆ ಬಂದರು. ನನ್ನ ಹೆಂಡತಿ ಮತ್ತು ಇವರು, ಇಬ್ಬರೇ ಈ ಚರ್ಚನ್ನು ಎತ್ತಿದರು. ಅಷ್ಟೇ.

ಜನ ಚಪ್ಪಾಳೆ ತಟ್ಟಿದರು. ಅಂತ್ಯಕ್ರಿಯೆಯಲ್ಲಿ ಚಪ್ಪಾಳೆ. ಹೆಂಗಸೊಬ್ಬಳು ಕಣ್ಣೊರೆಸಿಕೊಂಡು, ಎಂಥ ಸುಂದರ ಉಪಮೆ ಎಂದಳು. ಪ್ರೆಂಟಿಸ್ ಬಂದು 'ಏಬ್' ಎಂದು ಅಬ್ಬಾನ ಹೆಗಲು ತಟ್ಟಿದ. ತಾವು ಬೈಸಿಕೊಂಡೆವೆಂದು ಅಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಕಾರಿನಲ್ಲಿ ಕೂತ ಮೇಲೆ ಅಬ್ಬಾ ನನ್ನನ್ನು ಕೇಳಿದರು: 'ಸರಿಯಾಗಿ ಹೇಳಿದ್ನಾ?' ಸರಿಯಾಗಿ ಹೇಳಿದಿರಿ ಎಂದೆ. ಅಂದು ಕ್ಷಮೆ ಕೇಳಬಹುದಿತ್ತು. ಸೀಟ್‌ಬೆಲ್ಟು ಹಾಕಿಕೊಂಡೆ.

ಮುಂದಿನದು ಚಿಕ್ಕದು. ಚರ್ಚಿಗೆ ಬರುತ್ತಿದ್ದ ಇಪ್ಪತ್ತು ಜನ ಏಳಾದರು, ಬಿಷಪ್ ಬಂದು ಕಾಗದ ಓದಿ ಇದು ಇನ್ನು ಚರ್ಚಲ್ಲ ಎಂದು ಸಾರಿದರು, ಕಟ್ಟಡ ಮದುವೆ ಪಾರ್ಟಿಗಳ ಕಂಪನಿಯೊಂದಕ್ಕೆ ಹೋಯಿತು. ಅಬ್ಬಾ ತೀರಿ ಆರು ವರ್ಷ. ಅವ್ವ ಈಗಲೂ ಫ್ರೀಮಾಂಟಿನಲ್ಲೇ ಇದ್ದಾಳೆ. ಮಣಿಕಟ್ಟಿನ ನೋವಿಗೆ ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಾಳೆ. ಗೆಳತಿಯ ಮಗನ ಹುಟ್ಟುಹಬ್ಬದ ದಿನ ಬಾಗಿಲ ಬಳಿಯ ಮೇಜಿನ ಮೇಲೆ ಹೊಳೆಯುವ ಕಾಗದದ ಕಿರುಹೊತ್ತಗೆ ಇಟ್ಟಿದ್ದರು, ಚರಿತ್ರೆ ಮತ್ತು ವಾಸ್ತುಶಿಲ್ಪ ಎಂದು. ಬರೆದವನು ಪ್ರೆಂಟಿಸ್. ಹಿಂದಿನವರ ಮರದ ಗುಣ ನೋಡಿ, ಇಷ್ಟು ಭೂಕಂಪಗಳಾದರೂ ಮೂಲ ಅಡಿತೊಲೆಗಳು ಇಂದಿಗೂ ಅಲುಗದೆ ನಿಂತಿವೆ ಎಂದು ಅದರಲ್ಲಿತ್ತು. ಅಬ್ಬಾ ಅನುಮತಿಯಿಲ್ಲದೆ ಮೂಲ ವಸ್ತು ಕಿತ್ತರೆಂದು ನಮ್ಮನ್ನು ಮನೆ ಬಿಡಿಸಿದ ಕೈಯೇ ಇದನ್ನೂ ಬರೆದಿತ್ತು. ಸುಳ್ಳು ಹೇಳಿದ್ದಾನೆಂದು ನನಗೆ ಅನ್ನಿಸಲಿಲ್ಲ. ಮರೆತಿದ್ದಾನೆ. ನಾವು ಅವನ ನೆನಪಿನಲ್ಲಿ ಉಳಿಯುವಷ್ಟು ದೊಡ್ಡವರಾಗಿರಲಿಲ್ಲ.

ಜೊತೆಗೆ ಬಂದಿದ್ದ ಮಗಳನ್ನು ಕರೆದುಕೊಂಡು ಹೊರಗೆ ಬಂದೆ. ಅವಳಿಗೆ ಒಂಬತ್ತು. ನಿನ್ನ ಅಜ್ಜಿಯ ಮನೆ ಎಲ್ಲಿತ್ತು ಗೊತ್ತಾ ಎಂದು ಕನ್ನಡದಲ್ಲಿ ಕೇಳಿದೆ. ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹಿಂದುಗಡೆ ಟಾರು ಹಾಕಿದ ಪಾರ್ಕಿಂಗ್ ಜಾಗ, ಬಿಳಿ ಗೆರೆಗಳು. ಗುಡ್ಡವನ್ನು ಗುರುತಿಟ್ಟುಕೊಂಡು ಹೆಜ್ಜೆ ಹಾಕಿದೆ. ಇಲ್ಲಿ ಬಾಗಿಲು, ಇಲ್ಲಿ ಅಬ್ಬಾ ಮಲಗುತ್ತಿದ್ದ ಮಂಚ, ಎರಡು ಹೆಜ್ಜೆಗೆ ಅಡುಗೆಮನೆ. ನಾನು ಅಲ್ಲಿ ನಿಂತೆ, ಅವಳೂ ನನ್ನ ಪಕ್ಕಕ್ಕೆ ಬಂದು ನಿಂತಳು. ಅಷ್ಟರಲ್ಲಿ ತಡವಾಗಿ ಬಂದ ಅತಿಥಿಯೊಬ್ಬನ ಕಾರು ನಮ್ಮೆದುರಿಗೆ ಬಂದು ಕಾಯತೊಡಗಿತು. ಒಳಗೆ ಕೂತವನು ಒಳ್ಳೆಯ ಮನುಷ್ಯನೇ ಇರಬೇಕು, ಹಾರ್ನು ಮಾಡಲಿಲ್ಲ, ಕೈಯೆತ್ತಿ ನಕ್ಕ. ಖಾಲಿ ಇದ್ದದ್ದು ಅದೊಂದೇ ಜಾಗ. ಮಗಳ ಕೈ ಹಿಡಿದು ಪಕ್ಕಕ್ಕೆ ಸರಿದೆ. ಕಾರು ಮೆಲ್ಲಗೆ ಬಂದು ನಮ್ಮ ಅಡುಗೆಮನೆಯಲ್ಲಿ ನಿಂತಿತು.